ಜಠರದೊಳಗೊಂದು ದೀಪ

1821ರ ಮೇ 5ರಂದು ಸೇಂಟ್ ಹೆಲೆನಾ ದ್ವೀಪದಲ್ಲಿ ನೆಪೋಲಿಯನ್ ಕೊನೆಯುಸಿರೆಳೆದಾಗ ಅವನಿಗೆ ಐವತ್ತೊಂದು ವರ್ಷ. ಮರುದಿನ ಶವಪರೀಕ್ಷೆ ನಡೆಸಿದ ವೈದ್ಯರಿಗೆ ಅವನ ಜಠರದಲ್ಲಿ ದೊಡ್ಡದೊಂದು ಹುಣ್ಣೂ ಅದರ ಸುತ್ತ ಗಡ್ಡೆಗಟ್ಟಿದ ಗೋಡೆಯೂ ಕಂಡವು. ಅವನ ತಂದೆ ಕಾರ್ಲೋ ಕೂಡ 1785ರಲ್ಲಿ ಹೊಟ್ಟೆಯ ಕಾಯಿಲೆಯಿಂದಲೇ ತೀರಿಕೊಂಡಿದ್ದ. ಆಂಗ್ಲರು ವಿಷವಿಕ್ಕಿ ಕೊಂದರೆಂಬ ಗುಮಾನಿ ನೂರೈವತ್ತು ವರ್ಷಗಳಾದರೂ ತಣ್ಣಗಾಗಲಿಲ್ಲ. ಅಂದಿನ ಶವಪರೀಕ್ಷೆಯ ವರದಿಗಳನ್ನು ಇಂದಿನ ತಿಳಿವಳಿಕೆಯೊಂದಿಗೆ ತೂಗಿ ನೋಡಿದ ಕೆಲವು ವೈದ್ಯ ವಿಜ್ಞಾನಿಗಳು 2007ರಲ್ಲಿ, ಅದು ಬಹಳ ಮುಂದುವರಿದಿದ್ದ ಜಠರದ ಕ್ಯಾನ್ಸರ್ ಎಂದೂ, ಅದರ ಮೂಲ ವಂಶದಲ್ಲಿರುವುದಕ್ಕಿಂತ ಹೆಚ್ಚಾಗಿ ಜಠರದ ದೀರ್ಘಕಾಲದ ಸೋಂಕಿನಲ್ಲಿರಬಹುದೆಂದೂ ಅಭಿಪ್ರಾಯಪಟ್ಟರು.

ಯುರೋಪನ್ನೇ ನಡುಗಿಸಿದವನ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂಬುದನ್ನು ಅವನು ಬದುಕಿದ್ದಾಗ ಯಾರಿಗೂ ನೋಡಲಾಗಲಿಲ್ಲ. ಕಂಡದ್ದು ಸತ್ತ ಮೇಲೆ. ಜಠರದ ಕ್ಯಾನ್ಸರಿನ ಚರಿತ್ರೆಯೆಂದರೆ ಒಂದರ್ಥದಲ್ಲಿ ಈ 'ನೋಡುವ' ಕಾಲವನ್ನು ಹಿಂದಕ್ಕೆ ತಳ್ಳುತ್ತಾ ಬಂದ ಚರಿತ್ರೆ. ಮೊದಲು ಸಾವಿನ ನಂತರ ನೋಡಿದೆವು. ಆಮೇಲೆ ಸಾವಿಗೆ ಸ್ವಲ್ಪ ಮುಂಚೆ ನೋಡಿದೆವು. ಬಳಿಕ ರೋಗದ ಆರಂಭದಲ್ಲಿ ನೋಡುವುದನ್ನು ಕಲಿತೆವು. ಈಗ, ಕ್ಯಾನ್ಸರ್ ಇನ್ನೂ ಹುಟ್ಟಿರದ, ಆದರೆ ಹುಟ್ಟಲು ನೆಲ ಹದಗೊಳ್ಳುತ್ತಿರುವ ಹಂತದಲ್ಲೇ ನೋಡಬಲ್ಲೆವು. ಇಷ್ಟು ದೂರ ಬರಲು ಇನ್ನೂರು ವರ್ಷ ಬೇಕಾಯಿತು. ಆ ದಾರಿಯಲ್ಲಿ ಕತ್ತಿ ನುಂಗುವವನಿದ್ದಾನೆ, ಜೈಲು ಕಂಡ ವೈದ್ಯನಿದ್ದಾನೆ, ಪಂಜಾಬಿನ ಹುಡುಗನೊಬ್ಬನಿದ್ದಾನೆ.

ಕತ್ತಲೆಯ ಕೋಣೆ

ಹೊಟ್ಟೆಯೊಳಗೆ ಗಡ್ಡೆ ಬೆಳೆಯುತ್ತದೆ ಎಂಬುದು ಹಿಂದಿನವರಿಗೆ ಗೊತ್ತಿರಲಿಲ್ಲ ಎಂದಲ್ಲ. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಇಬ್ನ್ ಝುಹ್ರ್ ಎಂಬ ಹೆಸರಾಂತ ವೈದ್ಯರು ತಮ್ಮ 'ಅತ್ತೈಸೀರ್' ಗ್ರಂಥದಲ್ಲಿ ಅನ್ನನಾಳ ಮತ್ತು ಜಠರದ ಗಡ್ಡೆಗಳ ಬಗ್ಗೆ ಬರೆದಿದ್ದಾರೆ. ನುಂಗಲಾರದ ರೋಗಿಗೆ ಬೆಳ್ಳಿಯ ಕೊಳವೆಯ ಮೂಲಕ ದ್ರವಾಹಾರ ಕೊಡುವ ಉಪಾಯವನ್ನೂ ಹೇಳಿದ್ದಾರೆ. ಆದರೆ ರೋಗಿಯ ಮಾತು, ಮುಟ್ಟಿ ನೋಡುವ ಬೆರಳು, ಊಹೆ ಇಷ್ಟೇ ಆ ಕಾಲದ ವೈದ್ಯರ ಆಧಾರ. ಜಠರವೆಂಬುದು ಕತ್ತಲೆಯ ಕೋಣೆ. ಬೆಳಕಿಲ್ಲದೆ ಅಲ್ಲಿಗೆ ಕಣ್ಣು ಹೋಗುವುದಾದರೂ ಹೇಗೆ?

1806ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಫಿಲಿಪ್ ಬೋಝಿನಿ ಎಂಬ ವೈದ್ಯ, ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ತಿರುಗಿಸಿ ದೇಹದ ರಂಧ್ರಗಳೊಳಗೆ ಹಾಯಿಸುವ ಉಪಕರಣವೊಂದನ್ನು ರಚಿಸಿದ. ಅದು ವಿಯೆನ್ನಾದ ವೈದ್ಯ ಪಂಡಿತರಿಗೆ ರುಚಿಸಲಿಲ್ಲ. ಬೋಝಿನಿ 1809ರಲ್ಲಿ, ಮೂವತ್ತಾರು ತುಂಬುವ ಮೊದಲೇ, ಟೈಫಸ್ ಜ್ವರಕ್ಕೆ ಬಲಿಯಾದ. ಬದುಕಿರುವ ಮನುಷ್ಯನ ಜಠರವನ್ನು ಮನಸಾರೆ ನೋಡುವ ಅವಕಾಶ ಒದಗಿದ್ದು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್‌ಗೆ. ಅದೂ ಒಂದು ಅಪಘಾತದಿಂದ. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಅವನು ಬದುಕಿದ, ಆದರೆ ಜಠರಕ್ಕೆ ತೆರೆದ ತೂತು ಮುಚ್ಚಲೇ ಇಲ್ಲ. ಆ ಕಿಟಕಿಯಿಂದ ಬ್ಯೂಮಾಂಟ್ ವರ್ಷಗಟ್ಟಲೆ ನೋಡಿ 1833ರಲ್ಲಿ ಪುಸ್ತಕ ಬರೆದ. ಆರೋಗ್ಯದಲ್ಲಿದ್ದಾಗ ಒಳಪದರದ ಬಣ್ಣ ಹೇಗಿರುತ್ತದೆ, ಕೆರಳಿದಾಗ ಅದು ಹೇಗೆ ಕೆಂಪೇರುತ್ತದೆ ಎಂಬುದನ್ನು ಜಗತ್ತು ತಿಳಿದದ್ದು ಹೀಗೆ, ಬಡ ಕೂಲಿಯಾಳೊಬ್ಬನ ಗಾಯದ ಮೂಲಕ.

ಕತ್ತಿ ನುಂಗುವವನಿಂದ ಕಲಿತ ಪಾಠ

ಬಾಯಿಯ ಮೂಲಕವೇ ಜಠರ ತಲುಪುವ ಧೈರ್ಯ ಮಾಡಿದವರು ಜರ್ಮನಿಯ ಫ್ರೈಬರ್ಗಿನ ಅಡಾಲ್ಫ್ ಕುಸ್ಮೌಲ್. ವರ್ಷ 1868. ಕತ್ತಿ ನುಂಗುವ ಆಟಗಾರನ ಗಂಟಲಿನಿಂದ ಜಠರದವರೆಗೆ ನೇರವಾದ ಲೋಹ ಇಳಿಯುತ್ತದೆಂದಾದರೆ ಕೊಳವೆಯೂ ಇಳಿಯಬೇಕಲ್ಲವೇ? ಅಂಥ ಆಟಗಾರನೊಬ್ಬನನ್ನು ಕರೆಸಿ ಸುಮಾರು 47 ಸೆಂಟಿಮೀಟರ್ ಉದ್ದದ ಕೊಳವೆಯನ್ನು ಇಳಿಸಿದರು. ಕೊಳವೆ ಹೋಯಿತು, ಬೆಳಕು ಹೋಗಲಿಲ್ಲ. ಎಣ್ಣೆ ದೀಪದ ಮಂದ ಬೆಳಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. 1881ರಲ್ಲಿ ವಿಯೆನ್ನಾದ ಯೊಹಾನ್ ಮಿಕುಲಿಚ್ ವಿದ್ಯುತ್ತಿನಿಂದ ಕಾದು ಬೆಳಗುವ ಪ್ಲಾಟಿನಂ ತಂತಿಯನ್ನು ನೀರಿನಿಂದ ತಣಿಸುತ್ತಾ ಕೊಳವೆಯ ತುದಿಗೆ ಅಳವಡಿಸಿದಾಗ ಜಠರದ ಗೋಡೆ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಿಸಿತು.

ಆದರೆ ಗಟ್ಟಿ ಕೊಳವೆ ಅಪಾಯಕಾರಿ. ಅನ್ನನಾಳ ಹರಿದರೆ ರೋಗಿ ಬದುಕುವುದು ಕಷ್ಟ. ಮ್ಯೂನಿಕ್‌ನ ರುಡಾಲ್ಫ್ ಶಿಂಡ್ಲರ್ 1932ರಲ್ಲಿ ಗೇಯಾರ್ಗ್ ವೋಲ್ಫ್ ಎಂಬ ಉಪಕರಣ ತಯಾರಕನ ನೆರವಿನಿಂದ, ಕೆಳಗಿನ ಅರ್ಧ ಬಾಗಬಲ್ಲ, ಸಾಲು ಮಸೂರಗಳಿರುವ ಉಪಕರಣವನ್ನು ರೂಪಿಸಿದರು. ಪರೀಕ್ಷೆಯ ವೇಳೆ ರೋಗಿಯ ತಲೆಯನ್ನು ಹದವಾಗಿ ಹಿಡಿದುಕೊಳ್ಳುತ್ತಿದ್ದವರು ಶಿಂಡ್ಲರ್ ಅವರ ಪತ್ನಿ ಗೇಬ್ರಿಯೆಲ್. ಜಠರದ ಒಳಪದರ ಸವೆದು ತೆಳುವಾಗುವ ಸ್ಥಿತಿಯನ್ನು ಕಣ್ಣಾರೆ ಕಂಡು ವರ್ಗೀಕರಿಸಿದವರಲ್ಲಿ ಶಿಂಡ್ಲರ್ ಮೊದಲಿಗರು. ಯಹೂದಿ ಮೂಲದವರೆಂಬ ಕಾರಣಕ್ಕೆ ನಾಝಿ ಆಡಳಿತ ಅವರನ್ನು ಬಂಧನದಲ್ಲಿಟ್ಟಿತು. 1934ರಲ್ಲಿ ಅವರು ಚಿಕಾಗೋ ಸೇರಿದರು. ಜರ್ಮನಿ ಕಳೆದುಕೊಂಡ ವಿದ್ಯೆಯನ್ನು ಅಮೆರಿಕ ಪಡೆದುಕೊಂಡಿತು. ಜನಾಂಗದ ಹೆಸರಲ್ಲಿ ಮನುಷ್ಯರನ್ನು ಹೊರದಬ್ಬುವ ದೇಶಗಳು ತಮ್ಮ ರೋಗಿಗಳಿಗೂ ದ್ರೋಹ ಬಗೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮುಂದಿನ ಹೆಜ್ಜೆಯಲ್ಲಿ ನಮ್ಮ ದೇಶದವರೊಬ್ಬರ ಪಾಲಿದೆ. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಕೂದಲೆಳೆಯಂತಹ ಗಾಜಿನ ನಾರುಗಳ ಕಂತೆಯಿಂದ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು ತೋರಿಸಿಕೊಟ್ಟರು. 1954ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಲೇಖನ ಬಂತು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್‌ನಲ್ಲಿದ್ದ ಬೇಸಿಲ್ ಹಿರ್ಷೊವಿಟ್ಜ್ ಅದನ್ನು ಓದಿ, ಇದು ಜಠರಕ್ಕೆ ಹೇಳಿ ಮಾಡಿಸಿದಂತಿದೆ ಎಂದುಕೊಂಡರು. ನಾರಿನಿಂದ ನಾರಿಗೆ ಬೆಳಕು ಸೋರದಂತೆ ಪ್ರತಿ ನಾರಿಗೂ ಬೇರೆ ಗಾಜಿನ ಕವಚ ತೊಡಿಸುವ ಉಪಾಯವನ್ನು ಲಾರೆನ್ಸ್ ಕರ್ಟಿಸ್ ಎಂಬ ವಿದ್ಯಾರ್ಥಿ ಕಂಡುಕೊಂಡ. 1957ರ ಫೆಬ್ರವರಿಯಲ್ಲಿ ಹಿರ್ಷೊವಿಟ್ಜ್ ಈ ಬಳುಕುವ ಕೊಳವೆಯನ್ನು ಮೊದಲು ತಾವೇ ನುಂಗಿದರು, ಕೆಲವೇ ದಿನಗಳ ನಂತರ ರೋಗಿಯೊಬ್ಬರಿಗೆ ಇಳಿಸಿದರು. ಇಂದು ನಮ್ಮ ತಾಲೂಕು ಕೇಂದ್ರಗಳ ಆಸ್ಪತ್ರೆಗಳವರೆಗೂ ಬಂದಿರುವ ಎಂಡೋಸ್ಕೋಪಿಯ ಹುಟ್ಟು ಇದು. ಚಿತ್ರವನ್ನು ನೇರವಾಗಿ ಪರದೆಗೆ ಕಳಿಸುವ ವಿಡಿಯೋ ಎಂಡೋಸ್ಕೋಪ್ 1983ರಲ್ಲಿ ಬಂತು.

ಜಪಾನ್ ಏಕೆ ಮುಂದಾಯಿತು?

ಯಂತ್ರ ಪಶ್ಚಿಮದಲ್ಲಿ ಹುಟ್ಟಿದರೂ ಅದರಿಂದ ಏನನ್ನು ನೋಡಬೇಕು ಎಂಬುದನ್ನು ಜಗತ್ತಿಗೆ ಕಲಿಸಿದ್ದು ಜಪಾನ್. ಅದಕ್ಕೆ ಕಾರಣವೂ ಇತ್ತು. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ಆ ದೇಶದಲ್ಲಿ ಜನರನ್ನು ಅತಿ ಹೆಚ್ಚು ಕೊಲ್ಲುತ್ತಿದ್ದ ಕ್ಯಾನ್ಸರ್ ಜಠರದ್ದೇ ಆಗಿತ್ತು. 1950ರಲ್ಲಿ ಟೋಕಿಯೋದ ಶಸ್ತ್ರವೈದ್ಯ ತತ್ಸುರೋ ಉಜಿ, ಒಲಿಂಪಸ್ ಕಂಪೆನಿಯ ಮುತ್ಸುವೋ ಸುಗಿಯುರಾ ಮೊದಲಾದ ತಂತ್ರಜ್ಞರೊಂದಿಗೆ ಸೇರಿ, ನುಂಗಬಹುದಾದ ಪುಟ್ಟ ಕ್ಯಾಮೆರಾ ತಯಾರಿಸಿದರು. ಕೊಳವೆಯ ತುದಿಯಲ್ಲಿ ಕ್ಯಾಮೆರಾ, ಕಿರಿದಾದ ಫಿಲ್ಮು, ಮಿಂಚುವ ಬಲ್ಬು. ವೈದ್ಯನಿಗೆ ಒಳಗೆ ಏನೂ ಕಾಣುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ರೋಗಿಯ ಹೊಟ್ಟೆಯ ಚರ್ಮದ ಮೇಲೆ ಮೂಡುವ ಬೆಳಕಿನ ಮಚ್ಚೆಯನ್ನು ನೋಡಿ ಕ್ಯಾಮೆರಾ ಎಲ್ಲಿದೆಯೆಂದು ಅಂದಾಜಿಸಿ ಚಿತ್ರ ತೆಗೆಯುತ್ತಿದ್ದರು.

ಹೀಗೆ ತೆಗೆದ ಸಾವಿರಾರು ಚಿತ್ರಗಳನ್ನು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಜಠರಗಳೊಂದಿಗೆ ತಾಳೆ ನೋಡುತ್ತಾ ಅವರು ಒಂದು ಮುಖ್ಯ ಸತ್ಯ ಕಂಡುಕೊಂಡರು. ಕ್ಯಾನ್ಸರ್ ಜಠರದ ಗೋಡೆಯ ಮೇಲಿನ ಎರಡು ಪದರಗಳೊಳಗೇ ಇರುವಾಗ ತೆಗೆದುಹಾಕಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟಿ ಬದುಕುತ್ತಾರೆ. 1962ರಲ್ಲಿ ಜಪಾನಿನ ಎಂಡೋಸ್ಕೋಪಿ ತಜ್ಞರ ಸಂಘ ಇದಕ್ಕೆ 'ಆರಂಭಿಕ ಜಠರ ಕ್ಯಾನ್ಸರ್' ಎಂಬ ಹೆಸರು ಕೊಟ್ಟು, ಉಬ್ಬಿದ್ದು, ಸಮತಟ್ಟಾದದ್ದು, ತುಸು ತಗ್ಗಾದದ್ದು ಎಂದು ವಿಂಗಡಿಸಿತು. ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಹೆಸರಿಲ್ಲದ್ದನ್ನು ಕಣ್ಣು ಹುಡುಕುವುದಿಲ್ಲ. ಅಲ್ಲಿಯವರೆಗೆ ಗಡ್ಡೆಯನ್ನು ಹುಡುಕುತ್ತಿದ್ದ ವೈದ್ಯರು ಈಗ ಒಂದು ಸಣ್ಣ ಬಣ್ಣ ವ್ಯತ್ಯಾಸವನ್ನು, ಮಡಿಕೆಯೊಂದರ ಅಂಚು ಮುರಿದದ್ದನ್ನು ಹುಡುಕತೊಡಗಿದರು.

ಕ್ಯಾನ್ಸರಿಗೂ ಮುಂಚೆ

ಆದರೆ ಕ್ಯಾನ್ಸರ್ ರಾತ್ರೋರಾತ್ರಿ ಹುಟ್ಟುತ್ತದೆಯೇ? ಈ ಪ್ರಶ್ನೆಗೆ ಉತ್ತರ ಬಂದದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ. ಅಲ್ಲಿನ ನಾರಿನೋ ಪ್ರಾಂತದ ಬೆಟ್ಟಗಳ ಮೇಲಿನ ಬಡ ರೈತರಲ್ಲಿ ಜಠರದ ಕ್ಯಾನ್ಸರ್ ವಿಪರೀತ. ಅದೇ ಪ್ರಾಂತದ ಕಡಲತೀರದವರಲ್ಲಿ ಬಹಳ ಕಡಿಮೆ. ಪೆಲಾಯೋ ಕೊರಿಯಾ ಎಂಬ ರೋಗಶಾಸ್ತ್ರಜ್ಞ ಈ ಒಗಟಿನ ಹಿಂದೆ ಬಿದ್ದು, 1975ರಲ್ಲಿ ಸಂಗಾತಿಗಳೊಡನೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಮೊದಲು ಜಠರದ ಒಳಪದರದಲ್ಲಿ ದೀರ್ಘಕಾಲದ ಉರಿಯೂತ. ಅದರಿಂದ ಆಮ್ಲ ಸ್ರವಿಸುವ ಗ್ರಂಥಿಗಳು ಸವೆದು ಪದರ ತೆಳುವಾಗುತ್ತದೆ. ನಂತರ ಜಠರದ ಪದರ ತನ್ನ ಸ್ವಭಾವ ಬಿಟ್ಟು ಕರುಳಿನ ಪದರದಂತೆ ಮಾರ್ಪಡುತ್ತದೆ. ಮುಂದೆ ಕೋಶಗಳ ಆಕಾರ, ಜೋಡಣೆ ಕೆಡುತ್ತದೆ, ಇದೇ ಡಿಸ್‌ಪ್ಲೇಸಿಯಾ. ಕಟ್ಟಕಡೆಗೆ ಕ್ಯಾನ್ಸರ್. ಜಠರದ ಎಲ್ಲ ಕ್ಯಾನ್ಸರುಗಳೂ ಈ ಹಾದಿಯಲ್ಲೇ ಬರುವುದಿಲ್ಲ, ಹೆಚ್ಚಿನವು ಬರುತ್ತವೆ. ಈ ಮೆಟ್ಟಿಲುಗಳನ್ನು ಇಳಿಯಲು ಹಲವು ವರ್ಷಗಳು, ಎಷ್ಟೋ ಬಾರಿ ದಶಕಗಳೇ ಹಿಡಿಯುತ್ತವೆ. ಅಂದರೆ ತಡೆಯಲು ನಮಗೆ ಕಾಲಾವಕಾಶವಿದೆ.

ಮೊದಲ ಮೆಟ್ಟಿಲಿಗೆ ತಳ್ಳುವವರು ಯಾರು? ಉಪ್ಪು ಹಾಕಿಟ್ಟ ಆಹಾರ, ತಂಬಾಕು ಇವುಗಳ ಪಾಲಿರುವುದು ನಿಜ. ಮುಖ್ಯ ಅಪರಾಧಿ ಸಿಕ್ಕಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ರಾಬಿನ್ ವಾರೆನ್ 1979ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ ಬಾಗಿದ ರೋಗಾಣುವನ್ನು ಬ್ಯಾರಿ ಮಾರ್ಷಲ್ 1982ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಈಸ್ಟರ್ ರಜೆಯ ಕಾರಣ ತಟ್ಟೆಗಳು ಹೆಚ್ಚು ದಿನ ಹಾಗೇ ಉಳಿದದ್ದರಿಂದ ಅದು ಬೆಳೆಯಿತು. ಆಮ್ಲದಲ್ಲಿ ರೋಗಾಣು ಬದುಕೀತೇ ಎಂದು ನಕ್ಕವರಿಗೆ ಉತ್ತರವಾಗಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಪಾನಿನ ಉಎಮುರಾ ಮತ್ತು ಸಂಗಡಿಗರು 1,526 ಜನರನ್ನು ಸರಾಸರಿ ಏಳೂಮುಕ್ಕಾಲು ವರ್ಷ ಎಂಡೋಸ್ಕೋಪಿಯಿಂದ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ. ರೋಗಾಣುವಿದ್ದ 1,246 ಜನರಲ್ಲಿ 36 ಮಂದಿಗೆ ಕ್ಯಾನ್ಸರ್ ಬಂತು. ಅದಿಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಕಣ್ಣಿಗೆ ಬಣ್ಣದ ನೆರವು

ಆದರೆ ಈ ಮೆಟ್ಟಿಲುಗಳು ಕಣ್ಣಿಗೆ ಸುಲಭವಾಗಿ ಕಾಣುವಂಥವಲ್ಲ. ಸಾಮಾನ್ಯ ಬೆಳಕಿನಲ್ಲಿ ಕರುಳಿನಂತಾದ ಪದರವೂ ಒಳ್ಳೆಯ ಪದರವೂ ಒಂದೇ ತೆರನಾಗಿ ಕಾಣಬಹುದು. 1969ರಲ್ಲಿ ಕಿಮುರಾ ಮತ್ತು ತಕೆಮೋತೋ, ಸವೆದ ಪದರಕ್ಕೂ ಸವೆಯದ ಪದರಕ್ಕೂ ನಡುವೆ ಒಂದು ಗಡಿರೇಖೆ ಇದೆಯೆಂದೂ, ರೋಗ ಹೆಚ್ಚಿದಂತೆ ಆ ಗಡಿ ಜಠರದ ಕೆಳಗಿನಿಂದ ಮೇಲಕ್ಕೆ ಏರುತ್ತದೆಂದೂ ತೋರಿಸಿದರು. ನೆರೆ ಏರುವುದನ್ನು ಗೋಡೆಯ ಮೇಲಿನ ಗೆರೆಯಿಂದ ಅಳೆದಂತೆ.

ಆಮೇಲೆ ಬಣ್ಣ ಸಿಂಪಡಿಸುವ ವಿಧಾನ ಬಂತು. ಇದಕ್ಕೆ ಬಳಸುವ ಇಂಡಿಗೋ ಕಾರ್ಮಿನ್ ಎಂಬ ನೀಲಿ ದ್ರಾವಣ, ಒಂದು ಕಾಲದಲ್ಲಿ ಬಂಗಾಳದ ರೈತರನ್ನು ಗೋಳುಹೊಯ್ದುಕೊಂಡ ಅದೇ ನೀಲಿಯ ರಾಸಾಯನಿಕ ಸಂಬಂಧಿ. ಇದು ಪದರಕ್ಕೆ ಅಂಟುವುದಿಲ್ಲ, ತಗ್ಗುಗಳಲ್ಲಿ ನಿಲ್ಲುತ್ತದೆ. ಹೊಲಕ್ಕೆ ನೀರು ಹಾಯಿಸಿದಾಗ ಏರುತಗ್ಗು ಗೊತ್ತಾಗುವಂತೆ ಒಳಪದರದ ಉಬ್ಬುತಗ್ಗುಗಳು ಎದ್ದು ತೋರುತ್ತವೆ. ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂದ ಇನ್ನೊಂದು ವಿಧಾನದಲ್ಲಿ ಬಣ್ಣವೂ ಬೇಡ. ಬಿಳಿ ಬೆಳಕಿನಿಂದ ನೀಲಿ ಮತ್ತು ಹಸಿರಿನ ಎರಡು ಕಿರಿದಾದ ಪಟ್ಟಿಗಳನ್ನಷ್ಟೇ ಆರಿಸಿ ಹಾಯಿಸಿದರೆ ರಕ್ತದ ಸೂಕ್ಷ್ಮ ನಾಳಗಳು ಕಪ್ಪಾಗಿ ಮೂಡುತ್ತವೆ. ಗುಂಡಿ ಒತ್ತಿದರೆ ಬೆಳಕು ಬದಲಾಗುತ್ತದೆ. ಕರುಳಿನಂತಾದ ಜಾಗದ ಅಂಚುಗಳಲ್ಲಿ ತಿಳಿನೀಲಿ ಗೆರೆ ಹೊಳೆಯುವುದನ್ನು 2006ರಲ್ಲಿ ಜಪಾನಿನ ಉಯೆದೋ ಮತ್ತು ಸಂಗಡಿಗರು ದಾಖಲಿಸಿದರು.

ಕಂಡದ್ದನ್ನು ತೆಗೆಯುವ ವಿದ್ಯೆಯೂ ಬೆಳೆಯಿತು. ಹಿಂದೆ ಬೆರಳಿನ ಉಗುರಿನಷ್ಟು ಕ್ಯಾನ್ಸರಿಗೂ ಜಠರವನ್ನೇ ಕತ್ತರಿಸಬೇಕಿತ್ತು. ಶಸ್ತ್ರಚಿಕಿತ್ಸೆಯಾದ 5,265 ಜನರ ಜಠರಗಳನ್ನು ಪರೀಕ್ಷಿಸಿದ ಗೋತೋದಾ ಮತ್ತಿತರರು 2000ದಲ್ಲಿ, ಯಾವ ಬಗೆಯ ಆರಂಭಿಕ ಕ್ಯಾನ್ಸರ್ ದುಗ್ಧ ಗ್ರಂಥಿಗಳಿಗೆ ಹರಡುವುದೇ ಇಲ್ಲ ಎನ್ನಬಹುದೆಂದು ಲೆಕ್ಕ ಹಾಕಿದರು. ಅಂಥವನ್ನು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನ ಕೊಳವೆಯ ಮೂಲಕವೇ, ಹಣ್ಣಿನ ಕೊಳೆತ ಭಾಗವನ್ನು ಹೆರೆದಂತೆ, ಪದರ ಬಿಡಿಸಿ ತೆಗೆಯಬಹುದು. ಹೀಗೆ ತೆಗೆಸಿಕೊಂಡವರಲ್ಲಿ ರೋಗಾಣುವನ್ನೂ ನಿರ್ಮೂಲ ಮಾಡಿದರೆ ಮತ್ತೆ ಕ್ಯಾನ್ಸರ್ ಬರುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 2018ರ ಕೊರಿಯಾದ ಅಧ್ಯಯನ ತೋರಿಸಿತು.

ಭಯವೂ ಬೇಡ, ಉಡಾಫೆಯೂ ಬೇಡ

ಇಷ್ಟು ಓದಿದವರು ತಮ್ಮ ಎಂಡೋಸ್ಕೋಪಿ ವರದಿಯಲ್ಲಿ 'ಮೆಟಾಪ್ಲೇಸಿಯಾ' ಎಂದಿದ್ದರೆ ಕಂಗಾಲಾಗಬಾರದು. ನೆದರ್ಲೆಂಡ್ಸಿನಲ್ಲಿ ತೊಂಬತ್ತೆರಡು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಪದರ ಸವೆದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಿಗೆ, ಕರುಳಿನಂತೆ ಮಾರ್ಪಟ್ಟವರಲ್ಲಿ ನಾನೂರಕ್ಕೆ ಒಬ್ಬರಿಗೆ, ಸೌಮ್ಯ ಡಿಸ್‌ಪ್ಲೇಸಿಯಾ ಇದ್ದವರಲ್ಲಿ ಸಾವಿರಕ್ಕೆ ಆರು ಮಂದಿಗೆ ಕ್ಯಾನ್ಸರ್ ಬರುತ್ತದೆ. ತೀವ್ರ ಡಿಸ್‌ಪ್ಲೇಸಿಯಾ ಆದರೆ ಮಾತ್ರ ನೂರಕ್ಕೆ ಆರು. ಆದ್ದರಿಂದಲೇ 2019ರ ಯುರೋಪಿನ ಮಾರ್ಗಸೂಚಿ, ಬದಲಾವಣೆ ಜಠರದ ತುಂಬ ಹರಡಿರುವವರು ಮೂರು ವರ್ಷಕ್ಕೊಮ್ಮೆ, ಅಂಥವರ ಹತ್ತಿರದ ಬಂಧುಗಳಿಗೆ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಬೇಗ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದಿತು. ಅಲ್ಪಸ್ವಲ್ಪ ಸವೆತವಿದ್ದು ಬೇರೆ ಅಪಾಯಗಳಿಲ್ಲದವರಿಗೆ ಪದೇ ಪದೇ ಪರೀಕ್ಷೆ ಬೇಡ.

ಯಂತ್ರ ಬಂದ ಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲ ಎಂಬುದೂ ತಿಳಿದಿರಲಿ. ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಪತ್ತೆಯಾದವರಲ್ಲಿ ಹತ್ತರಲ್ಲೊಬ್ಬರಿಗೆ ಹಿಂದಿನ ಮೂರು ವರ್ಷಗಳಲ್ಲಿ ಎಂಡೋಸ್ಕೋಪಿ ನಡೆದಿತ್ತು, ಆಗ ಅದು ಕಣ್ಣಿಗೆ ಬಿದ್ದಿರಲಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆ ಹೇಳುತ್ತದೆ. ಸಿಂಗಾಪುರದ ಅಧ್ಯಯನವೊಂದರಲ್ಲಿ, ಪರೀಕ್ಷೆಗೆ ಸರಾಸರಿ ಏಳು ನಿಮಿಷಕ್ಕಿಂತ ಹೆಚ್ಚು ವ್ಯಯಿಸುವ ವೈದ್ಯರು ಅವಸರದವರಿಗಿಂತ ಎರಡು ಪಟ್ಟು ಹೆಚ್ಚು ಅಪಾಯದ ಬದಲಾವಣೆಗಳನ್ನು ಹಿಡಿದರು. ಒಳಪದರದ ಲೋಳೆ, ನೊರೆಯನ್ನು ತೊಳೆದು, ಮೂಲೆ ಮೂಲೆ ನೋಡಿ, ಜಠರದ ಮೇಲ್ಭಾಗ ಕೆಳಭಾಗ ಎರಡರಿಂದಲೂ ಚೂರು ತೆಗೆದು ಬೇರೆ ಬೇರೆ ಸೀಸೆಗಳಲ್ಲಿ ಬಯಾಪ್ಸಿಗೆ ಕಳಿಸಿದರೆ ಪರೀಕ್ಷೆ ಸಾರ್ಥಕ. ಸಾಲು ಹೆಚ್ಚಿರುವ ನಮ್ಮ ಆಸ್ಪತ್ರೆಗಳಲ್ಲಿ ಆ ಏಳು ನಿಮಿಷ ಸಿಗುತ್ತದೆಯೇ? ಇದು ವೈದ್ಯರಿಗಷ್ಟೇ ಅಲ್ಲ, ಆರೋಗ್ಯಕ್ಕೆ ಹಣ ಹಂಚುವವರಿಗೂ ಕೇಳಬೇಕಾದ ಪ್ರಶ್ನೆ.

ಜಗತ್ತಿನಲ್ಲಿ 2022ರಲ್ಲಿ ಸುಮಾರು 9.7 ಲಕ್ಷ ಜನರಿಗೆ ಜಠರದ ಕ್ಯಾನ್ಸರ್ ಬಂತು, 6.6 ಲಕ್ಷ ಜನ ಅದರಿಂದ ಸತ್ತರು. ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆಯ ವ್ಯವಸ್ಥೆಯಿದೆ. ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧದಷ್ಟು ತಗ್ಗಿದ್ದು 2017ರ ವರದಿಯಲ್ಲಿದೆ. ಭಾರತದ ಲೆಕ್ಕಾಚಾರ ಬೇರೆ. ಇಲ್ಲಿ ಹೆಲಿಕೋಬ್ಯಾಕ್ಟರ್ ಸೋಂಕು ಬಹಳ ಜನರಲ್ಲಿದ್ದರೂ ಕ್ಯಾನ್ಸರ್ ಅದಕ್ಕೆ ತಕ್ಕಷ್ಟು ಇಲ್ಲ. ವಿಜ್ಞಾನಿಗಳು ಇದನ್ನು ಭಾರತದ ಒಗಟು ಎನ್ನುತ್ತಾರೆ. ಎಲ್ಲರಿಗೂ ಎಂಡೋಸ್ಕೋಪಿ ಎನ್ನುವುದು ಇಲ್ಲಿ ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಎಲ್ಲೆಡೆಯೂ ಸ್ಥಿತಿ ಒಂದೇ ಅಲ್ಲ. ತಂಬಾಕಿನ ಹೊಗೆ ಹಾಯಿಸಿದ ನೀರನ್ನು ಬಾಯಲ್ಲಿಟ್ಟುಕೊಳ್ಳುವ ರೂಢಿಯಿರುವ ಮಿಝೋರಾಂನಲ್ಲಿ ಈ ರೋಗ ದೇಶದಲ್ಲೇ ಅತಿ ಹೆಚ್ಚು. 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಅಂಕಿಅಂಶಗಳಲ್ಲೂ ಗಂಡಸರಿಗೆ ಬರುವ ಪ್ರಮುಖ ಕ್ಯಾನ್ಸರುಗಳಲ್ಲಿ ಜಠರದ್ದು ಒಂದು.

ನಮ್ಮ ಕಡೆ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು, 'ಗ್ಯಾಸ್ಟ್ರಿಕ್'. ಮೆಡಿಕಲ್ ಶಾಪಿಗೆ ಹೋಗಿ ಹೆಸರು ಹೇಳಿದರೆ ಮಾತ್ರೆ ಸಿಗುತ್ತದೆ, ಉರಿ ಶಮನವಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ವರ್ಷಗಟ್ಟಲೆ ನಡೆಯುತ್ತದೆ. ಆಮ್ಲ ತಗ್ಗಿಸುವ ಈ ಮಾತ್ರೆಗಳು ಕ್ಯಾನ್ಸರಿನ ನೋವನ್ನೂ ಕೆಲಕಾಲ ಮರೆಮಾಚಬಲ್ಲವು. ಬಹುಪಾಲು ಜನರ ಹೊಟ್ಟೆಯುರಿ ಕ್ಯಾನ್ಸರ್ ಅಲ್ಲ, ನಿಜ. ಆದರೆ ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಕಪ್ಪು ಮಲ, ನಿಲ್ಲದ ವಾಂತಿ, ನುಂಗಲು ಕಷ್ಟ, ಮನೆಯಲ್ಲಿ ಯಾರಿಗಾದರೂ ಬಂದಿದ್ದ ಈ ಕಾಯಿಲೆ, ಇವು ಮಾತ್ರೆಯಿಂದ ಮುಚ್ಚಿಡುವ ಸಂಗತಿಗಳಲ್ಲ. ಮನೆಯ ಹೆಂಗಸರು ತಮ್ಮ ಹೊಟ್ಟೆನೋವನ್ನು ಎಲ್ಲರಿಗಿಂತ ಕೊನೆಗೆ ಹೇಳುತ್ತಾರೆ ಎಂಬುದನ್ನೂ ನಾವು ಮರೆಯುವಂತಿಲ್ಲ.

ನೆಪೋಲಿಯನ್‌ನ ಸುತ್ತ ವೈದ್ಯರಿಗೆ ಕೊರತೆಯಿರಲಿಲ್ಲ, ದೀಪವಿರಲಿಲ್ಲ. ಇಂದು ದೀಪವಿದೆ. ಅದನ್ನು ಹೊತ್ತಿಸಲು ಎಷ್ಟು ಜನ ಎಷ್ಟು ದೇಶಗಳಲ್ಲಿ ದುಡಿದರೆಂಬುದನ್ನು ನೋಡಿದೆವು. ಇನ್ನು ಅದರ ಬೆಳಕು ಹಣವಿದ್ದವನ ಜಠರಕ್ಕಷ್ಟೇ ಬೀಳಬೇಕೇ ಅಥವಾ ದಿನಗೂಲಿಯವನ ಜಠರಕ್ಕೂ ಸಕಾಲದಲ್ಲಿ ಬೀಳಬೇಕೇ ಎಂಬುದನ್ನು ವಿಜ್ಞಾನ ತೀರ್ಮಾನಿಸುವುದಿಲ್ಲ. ಸಮಾಜವಾಗಿ ನಾವೇ ತೀರ್ಮಾನಿಸಬೇಕು.